ಮಠ, ಟ್ರಸ್ಟ್, ಆಶ್ರಮದ ಮೇಲೆ ದಾವೆ: ನಾನು ಕಡತ ಕಟ್ಟುವ ರೀತಿ

ಧಾರ್ಮಿಕ ಸಂಸ್ಥೆಯಿಂದ ಮೋಸ ಹೋದೆವು ಎಂದು ಬರುವ ಕಕ್ಷಿದಾರರ ಮಾತಿನಲ್ಲಿ ಎರಡು ದೂರುಗಳು ಗಂಟು ಬಿದ್ದಿರುತ್ತವೆ. ಗುರು ಹೇಳಿದ್ದು ಸುಳ್ಳು ಎಂಬುದು ಒಂದು. ದುಡ್ಡು, ಇಲ್ಲವೇ ಜಮೀನು ಹೋಯಿತು ಎಂಬುದು ಇನ್ನೊಂದು. ಈ ಗಂಟು ಬಿಡಿಸಿ, ಮೊದಲನೆಯದನ್ನು ಕಡತದಿಂದ ಆಚೆ ಇಡುವುದೇ ನನ್ನ ಮೊದಲ ಕೆಲಸ. ಕಕ್ಷಿದಾರರಿಗೆ ಇದು ಹಿಡಿಸುವುದಿಲ್ಲ. ಅವರ ಸಿಟ್ಟೆಲ್ಲ ಆ ಮೊದಲನೆಯದರ ಮೇಲೆಯೇ ಇರುತ್ತದೆ.

ನಂಬಿಕೆ ನಿಜವೋ ಸುಳ್ಳೋ ಎಂಬ ಪ್ರಶ್ನೆಗೆ ಯಾವ ನ್ಯಾಯಾಲಯವೂ ಕೈಹಾಕುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1944ರ ಬ್ಯಾಲರ್ಡ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಧಾರ್ಮಿಕ ನಂಬಿಕೆಯ ಸತ್ಯಾಸತ್ಯತೆಯನ್ನು ಜ್ಯೂರಿ ಮುಂದೆ ಇಡುವಂತಿಲ್ಲ. ನಮ್ಮಲ್ಲಿ ಇದಕ್ಕೆ ಆಧಾರ ಉಡುಪಿಯಿಂದಲೇ ಬಂದಿದೆ. 1954ರ ಶೀರೂರು ಮಠದ ತೀರ್ಪಿನ ಪ್ರಕಾರ, ಧರ್ಮದ ಅಗತ್ಯ ಅಂಗ ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಆದರೆ ಅದಕ್ಕೆ ಅಂಟಿಕೊಂಡ ಹಣಕಾಸು, ವಾಣಿಜ್ಯ, ಲೌಕಿಕ ವ್ಯವಹಾರಗಳನ್ನು ಕಾನೂನು ನಿಯಂತ್ರಿಸಬಹುದು. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25 ಮತ್ತು 26ನೇ ವಿಧಿಗಳನ್ನು ಎದುರುಪಕ್ಷದವರು ಹಿಡಿದು ಬಂದಾಗ ನಾನು ನಿಲ್ಲುವ ಜಾಗ ಈ ಎರಡನೆಯ ಅರ್ಧ. ಹಾಗಾಗಿ, ಕೊಟ್ಟ ಭರವಸೆಗೆ ಸಂಸ್ಥೆಯ ಮೇಲೆ ಹೊಣೆ ಬರುತ್ತದೆಯೇ ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ: ಮೋಕ್ಷದ ಭರವಸೆಗೆ ಬರುವುದಿಲ್ಲ, ಸೈಟಿನ ಭರವಸೆಗೆ ಬರುತ್ತದೆ.

ಕಕ್ಷಿದಾರರ ಹೇಳಿಕೆಯನ್ನು ಅವರ ಮಾತಿನಲ್ಲೇ ಪೂರ್ತಿ ಬರೆಸಿ, ಎರಡು ಬಣ್ಣದ ಪೆನ್ನಿನಿಂದ ಗೆರೆ ಹಾಕುತ್ತೇನೆ. ಯಾವ ಸಾಕ್ಷಿಯೂ ಅಳೆಯಲಾಗದ ಮಾತಿಗೆ ಕೆಂಪು: ಗ್ರಹದೋಷ ಕಳೆಯುತ್ತದೆ, ಕುಲ ಉದ್ಧಾರವಾಗುತ್ತದೆ, ಪ್ರಾರ್ಥಿಸಿದರೆ ಆಶೀರ್ವಾದ ಇಳಿಯುತ್ತದೆ. ದಿನಾಂಕ, ಮೊತ್ತ, ವಸ್ತು, ಜಾಗ ಇರುವ ಮಾತಿಗೆ ನೀಲಿ: ಇಂಥ ತಿಥಿಯಂದು ನಿಮ್ಮ ಹೆಸರಿನಲ್ಲಿ ಅನ್ನದಾನ, ಆಶ್ರಮದಲ್ಲಿ ಕೊನೆಯವರೆಗೂ ವಸತಿ, ನಮ್ಮ ಕಾಲೇಜಿನಲ್ಲಿ ಮಗಳಿಗೆ ಸೀಟು, ಹಣ ಪೂರ್ತಿ ಗರ್ಭಗುಡಿಯ ಕೆಲಸಕ್ಕೆ. ನೀಲಿ ಗೆರೆ ಒಂದೂ ಬೀಳದಿದ್ದರೆ ವಕಾಲತ್ತು ಹಾಕುವುದಿಲ್ಲ. ಸಂಸ್ಥೆ ಯಾರದು ಎಂಬುದನ್ನೇ ಮುಚ್ಚಿಟ್ಟು ಸದಸ್ಯರನ್ನು ಸೇರಿಸಿಕೊಂಡಿದ್ದರೆ ಅದೂ ನೀಲಿಯೇ. ಯೂನಿಫಿಕೇಶನ್ ಚರ್ಚ್ ವಿರುದ್ಧದ 1988ರ ಮೊಲ್ಕೊ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅಂಥ ವಂಚನೆ ದಾವೆ ನಡೆಯಲು ಬಿಟ್ಟಿತು.

ಗೆರೆಯ ಪ್ರಯೋಜನ ಕಾಣುವುದು ವಾದಪತ್ರ ಬರೆಯುವಾಗ. ಕಚ್ಚಾ ಪ್ರತಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: "ಪ್ರತಿವಾದಿಯು ತಾನು ದೈವಾಂಶ ಸಂಭೂತನೆಂದು ನಂಬಿಸಿ, ಹೋಮದ ಹೆಸರಿನಲ್ಲಿ ವಾದಿಯಿಂದ ಲಕ್ಷಾಂತರ ರೂಪಾಯಿ ಸುಲಿಗೆ ಮಾಡಿರುತ್ತಾರೆ." ಇದರಲ್ಲಿ ಸಾಬೀತು ಮಾಡಬಹುದಾದದ್ದು ಏನೂ ಇಲ್ಲ. ನಾನು ಬರೆಯುವುದು ಹೀಗೆ: "2ನೇ ಪ್ರತಿವಾದಿಯು ಇಂಥ ದಿನಾಂಕದ ಕರಪತ್ರದಲ್ಲಿ 48 ದಿನಗಳ ಹೋಮಕ್ಕೆ 1,80,000 ರೂ. ನಿಗದಿಪಡಿಸಿ, ವಾದಿಯ ಹೆಸರು, ಗೋತ್ರ ಹೇಳಿ ನಿತ್ಯ ಸಂಕಲ್ಪ ಮಾಡಿಸುವುದಾಗಿ ತಿಳಿಸಿರುತ್ತಾರೆ. 11ನೇ ದಿನದ ನಂತರ ಹೋಮ ನಡೆದಿರುವುದಿಲ್ಲ. ಋತ್ವಿಜರಿಗೆ ದಕ್ಷಿಣೆ ಪಾವತಿಸಿದ ದಾಖಲೆ ಕೇಳಿದರೂ ಒದಗಿಸಿರುವುದಿಲ್ಲ." ಹೋಮದಿಂದ ಫಲ ಬಂತೇ ಎಂಬ ಮಾತೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮ ವಂಚನೆ, ತಪ್ಪು ನಿರೂಪಣೆ, ಅನುಚಿತ ಪ್ರಭಾವಗಳನ್ನು ದಿನಾಂಕ ಮತ್ತು ವಿವರ ಸಮೇತ ಹೇಳಲೇಬೇಕು ಎನ್ನುತ್ತದೆ. ಈ ಬಗೆಯ ದಾವೆಗಳು ಬೀಳುವುದು ಬಹುತೇಕ ಇಲ್ಲೇ, ಸಾಕ್ಷಿ ಹಂತಕ್ಕೂ ಹೋಗದೆ.

ಮುಂದೆ ರಸೀದಿ. ಅದರ ಮೇಲೆ "ಸೇವಾ ಶುಲ್ಕ" ಎಂದಿದೆಯೋ, "ಕಾಣಿಕೆ" ಎಂದಿದೆಯೋ, "ಕಾರ್ಪಸ್ ದೇಣಿಗೆ" ಎಂದಿದೆಯೋ ನೋಡುತ್ತೇನೆ. ಪ್ರತಿಫಲಕ್ಕೆ ಕೊಟ್ಟ ಹಣ ಎಂದು ತೋರಿಸಿದರೆ ಮಾತ್ರ ಗ್ರಾಹಕ ಕಾನೂನು ದಕ್ಕುತ್ತದೆ. ಕಾಣಿಕೆ ಎಂದಿದ್ದರೆ ಆಟ ಮುಗಿಯಿತು ಎಂದಲ್ಲ. ಕರಪತ್ರದಲ್ಲಿ ಸೇವೆಗೆ ದರಪಟ್ಟಿ ಇದ್ದು, ಅದೇ ಮೊತ್ತ ರಸೀದಿಯಲ್ಲಿದ್ದರೆ ಹೆಸರು ಏನೇ ಇರಲಿ ಅದು ಶುಲ್ಕ ಎಂದು ವಾದಿಸಬಹುದು. ನಿಜವಾದ ಕಂಟಕ 80ಜಿ. ಅದೇ ಹಣಕ್ಕೆ ಕಕ್ಷಿದಾರರು ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆದಿದ್ದರೆ, "ದೇಣಿಗೆ ಎಂದು ಇಲಾಖೆಗೆ ಹೇಳಿ ಇಲ್ಲಿ ಶುಲ್ಕ ಎನ್ನುತ್ತಿದ್ದೀರಲ್ಲ" ಎಂದು ಪಾಟೀಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. 2021–22ರ ಆರ್ಥಿಕ ವರ್ಷದಿಂದ ಸಂಸ್ಥೆಗಳು 10ಬಿಇ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕಾದ್ದರಿಂದ ಇದನ್ನು ಮುಚ್ಚಿಡುವುದೂ ಆಗದು. ಅಂಥವರ ರಿಟರ್ನ್ ಪ್ರತಿ ಮೊದಲ ದಿನವೇ ತರಿಸುತ್ತೇನೆ. ವಿನಾಯಿತಿ ಪಡೆದಿದ್ದರೆ ಶುಲ್ಕದ ವಾದ ಬಿಟ್ಟು, ಹೇಳಿದ ಉದ್ದೇಶಕ್ಕೆ ಹಣ ಬಳಸಿಲ್ಲ ಎಂಬ ವಾದಕ್ಕೆ ಹೊರಳುತ್ತೇನೆ.

ಪ್ರತಿವಾದಿ ಯಾರು? ಬೋರ್ಡಿನ ಮೇಲಿನ ಹೆಸರು, ರಸೀದಿಯ ಮೇಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಬೇರೆ ಬೇರೆ ಇರುವುದು ಮಾಮೂಲು. ಟ್ರಸ್ಟ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಟ್ರಸ್ಟ್ ಡೀಡಿನ ದೃಢೀಕೃತ ನಕಲು ತೆಗೆಸಿ, ಈಗಿನ ಎಲ್ಲ ಟ್ರಸ್ಟಿಗಳನ್ನೂ ಪಕ್ಷಕಾರರನ್ನಾಗಿ ಮಾಡುತ್ತೇನೆ. ಟ್ರಸ್ಟ್‌ಗೆ ಕಂಪನಿಯಂತೆ ಪ್ರತ್ಯೇಕ ಕಾನೂನು ವ್ಯಕ್ತಿತ್ವ ಇಲ್ಲ. ಸಂಘವಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಬೈಲಾ ಮತ್ತು ಪದಾಧಿಕಾರಿಗಳ ಪಟ್ಟಿ. ಮಠವಾದರೆ ಮಠಾಧಿಪತಿಗಳ ಮೂಲಕ. ಹಣ ಯಾವ ಖಾತೆಗೆ ಹೋಯಿತೋ ಆ ಖಾತೆದಾರರನ್ನು ಬಿಡುವುದೇ ಇಲ್ಲ.

ಇನ್ನು ಯಾವ ಬಾಗಿಲು ಎಂಬ ಪ್ರಶ್ನೆ. ಸೇವೆಗೆ ಹಣ ಕಟ್ಟಿ ಸೇವೆ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಲೀಸು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲೇ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕಕ್ಷಿದಾರರು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಮಠ ಎಲ್ಲೇ ಇರಲಿ. ಭಕ್ತ ಗ್ರಾಹಕನಲ್ಲ ಎಂಬುದು ಎದುರುಪಕ್ಷದ ಮೊದಲ ತಕರಾರು. ಇದಕ್ಕೆ ನಾನು ಮುಂದಿಡುವುದು 2022ರಲ್ಲಿ ಸೇಲಂ ಜಿಲ್ಲಾ ಆಯೋಗ ತಿರುಮಲ ದೇವಸ್ಥಾನದ ವಿರುದ್ಧ ಕೊಟ್ಟ ಆದೇಶ: 2006ರಲ್ಲಿ ಹಣ ಕಟ್ಟಿ ಕಾದಿದ್ದ ವಸ್ತ್ರಸೇವೆ ಕೋವಿಡ್ ಕಾಲದಲ್ಲಿ ರದ್ದಾದ ಪ್ರಕರಣ. ಬೇರೆ ರಾಜ್ಯದ ಜಿಲ್ಲಾ ಆಯೋಗದ ಆದೇಶ ಇಲ್ಲಿ ಬಂಧಿಸುವುದಿಲ್ಲ, ದಾರಿ ತೋರಿಸುತ್ತದೆ ಅಷ್ಟೇ. ಜೊತೆಗೆ 2024ರ ಜನವರಿಯಲ್ಲಿ ಅಯೋಧ್ಯೆಯ ಪ್ರಸಾದ ಎಂಬ ಹೆಸರಿನಲ್ಲಿ ಸಿಹಿತಿಂಡಿ ಮಾರಾಟವಾಗುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ ನೋಟಿಸ್ ಕೊಟ್ಟದ್ದನ್ನೂ ಹೇಳುತ್ತೇನೆ. ಪ್ರಸಾದದ ಮಹಿಮೆಯ ವಿಚಾರಣೆ ಅಲ್ಲಿರಲಿಲ್ಲ, ಅದು ಎಲ್ಲಿಂದ ಬಂತು ಎಂಬುದಷ್ಟೇ ಇತ್ತು.

ಆಯೋಗಕ್ಕೆ ಹೋಗುವಾಗ ದೂರಿನಲ್ಲಿ "ವಂಚನೆ" ಎಂಬ ಪದ ಬಳಸುವುದಿಲ್ಲ. ಬಳಸಿದರೆ, ಇದು ಜಟಿಲ ಸಂಗತಿ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಕಳಿಸುವ ದಾರಿ ತೆರೆದಂತೆ. "ಸೇವಾ ನ್ಯೂನತೆ", "ದಾರಿತಪ್ಪಿಸುವ ಜಾಹೀರಾತು" ಎಂದು ಬರೆದರೆ ಸಾಕು. ಇನ್ನೊಂದು ಅನುಕೂಲ: ಎದುರುಪಕ್ಷ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಅದಕ್ಕಿಂತ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಸ್ವಾಮಿಗಳು ಚಾತುರ್ಮಾಸ್ಯದಲ್ಲಿದ್ದಾರೆ, ಸೀಮೋಲ್ಲಂಘನ ಆಗುವವರೆಗೆ ಸಹಿ ಮಾಡಿಸಲಾಗದು ಎಂಬ ಮೆಮೊ ಇಲ್ಲಿ ನಡೆಯುವುದಿಲ್ಲ.

ಜಮೀನು ಅಥವಾ ಮನೆಯನ್ನು ಗುರುವಿಗೆ, ಸಂಸ್ಥೆಗೆ ದಾನಪತ್ರ ಮಾಡಿಕೊಟ್ಟಿದ್ದರೆ ಸಿವಿಲ್ ದಾವೆಯೇ ಬೇಕು. ಕರಾರು ಕಾಯ್ದೆಯ 16ನೇ ಕಲಮಿನ ಅನುಚಿತ ಪ್ರಭಾವ ಇಲ್ಲಿ ದೊಡ್ಡ ಆಯುಧ, ಅದನ್ನು ಬಳಸುವವರು ಮಾತ್ರ ಕಡಿಮೆ. ಪರಲೋಕದ ಹಿತಕ್ಕೆಂದು ವಯಸ್ಸಾದವರೊಬ್ಬರು ತಮ್ಮ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟ ಪ್ರಕರಣ 1890ರಷ್ಟು ಹಿಂದೆಯೇ ಅಲಹಾಬಾದ್ ಹೈಕೋರ್ಟಿಗೆ ಬಂದಿತ್ತು: ಮನ್ನು ಸಿಂಗ್ ವಿರುದ್ಧ ಉಮಾದತ್ ಪಾಂಡೆ. ಪ್ರಭಾವ ಬೀರಿಲ್ಲ ಎಂದು ತೋರಿಸುವ ಭಾರ ಅಲ್ಲಿ ಗುರುವಿನ ಮೇಲೆಯೇ ಬಿತ್ತು. ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 114ನೇ ಕಲಂ ಇದೇ ಕೆಲಸಕ್ಕೆ ಬರುತ್ತದೆ. ಗುರು–ಶಿಷ್ಯ ಸಂಬಂಧ ಇತ್ತು, ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯವಾಗಿದೆ ಎಂಬೆರಡನ್ನು ನಾವು ತೋರಿಸಬೇಕು. ದೀಕ್ಷೆಯ ಫೋಟೊ, ಮನೆಗೆ ಪಾದಪೂಜೆಗೆ ಬಂದ ಆಮಂತ್ರಣ, ದಾನಪತ್ರದ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಯಾರ ಕಾರಿನಲ್ಲಿ ಹೋದರು, ಸಾಕ್ಷಿ ಸಹಿ ಹಾಕಿದವರು ಯಾರ ಕಡೆಯವರು, ಸ್ವತಂತ್ರ ವಕೀಲರ ಸಲಹೆ ಇತ್ತೇ: ಇಷ್ಟನ್ನು ಒಟ್ಟುಗೂಡಿಸುತ್ತೇನೆ. ದಾವೆಯ ಜೊತೆಗೇ ಪರಭಾರೆಗೆ ತಡೆಯಾಜ್ಞೆ ಅರ್ಜಿ, ಕಂದಾಯ ಕಚೇರಿಯಲ್ಲಿ ಮ್ಯುಟೇಶನ್‌ಗೆ ತಕರಾರು. ಇದನ್ನು ತಡಮಾಡಿದರೆ ಪಹಣಿ ಬದಲಾಗಿ ಮೂರನೆಯವರಿಗೆ ಮಾರಾಟ ಆಗಿರುತ್ತದೆ. ದಸ್ತಾವೇಜು ರದ್ದತಿಗೆ ಕಾಲಮಿತಿ ಮೂರು ವರ್ಷ; ವಂಚನೆ ತಿಳಿದ ದಿನದಿಂದ ಎಣಿಸುವ ಅವಕಾಶ ಕಾಲಮಿತಿ ಕಾಯ್ದೆಯ 17ನೇ ಕಲಮಿನಲ್ಲಿದೆ, ಆದರೆ ಯಾವ ದಿನ ಹೇಗೆ ತಿಳಿಯಿತು ಎಂದು ವಾದಪತ್ರದಲ್ಲಿ ಬಿಡಿಸಿ ಬರೆಯಬೇಕು. ಗ್ರಾಹಕ ದೂರಿಗೆ ಎರಡೇ ವರ್ಷ. ಭಕ್ತರು ಸಂಕೋಚದಲ್ಲಿ ಕಾಯುತ್ತಾರೆ. ಈ ಕಾಯುವಿಕೆಯಲ್ಲೇ ಎಷ್ಟೋ ಒಳ್ಳೆಯ ದಾವೆಗಳು ಕೈತಪ್ಪುತ್ತವೆ.

ಪೊಲೀಸ್ ಠಾಣೆಗೆ ಎಲ್ಲರೂ ಮೊದಲು ಓಡುತ್ತಾರೆ. ನಾನು ಕೊನೆಗೆ ಇಡುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 318(4) ಅಡಿ ವಂಚನೆಗೆ ಹಣ ಪಡೆಯುವ ಹೊತ್ತಿನಲ್ಲೇ ದುರುದ್ದೇಶ ಇತ್ತು ಎಂದು ಕಾಣಬೇಕು. ಆಮೇಲೆ ಕೆಲಸ ನಿಂತುಹೋಯಿತು ಎಂದರೆ "ಸಿವಿಲ್ ಸ್ವರೂಪದ ವ್ಯಾಜ್ಯ" ಎಂಬ ಹಿಂಬರಹ ಗ್ಯಾರಂಟಿ. ಒಂದೇ ಸಂಕಲ್ಪವನ್ನು, ಒಂದೇ ಕೋಣೆಯನ್ನು ಹಲವರಿಗೆ ಮಾರಿದ್ದರೆ, ಅಥವಾ ಹಣ ಬಂದ ವಾರದಲ್ಲೇ ಟ್ರಸ್ಟಿಯ ಸ್ವಂತ ಖಾತೆಗೆ ಹರಿದಿದ್ದರೆ ಆಗ ದೂರು ಗಟ್ಟಿ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಗೆ ಹಳೆಯ ದಂಡ ಸಂಹಿತೆಯ 420 ಎಂದೇ ಬರೆಯಬೇಕು. ಹಣ ಕೊಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಹೆದರಿಸಿ ಮಾಡಿಸಿಕೊಂಡ ಕೆಲಸಕ್ಕೆ ನ್ಯಾಯ ಸಂಹಿತೆಯ 354ನೇ ಕಲಂ ಇದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಶಿಕ್ಷೆ ಒಂದು ವರ್ಷದವರೆಗೆ. ಅಸಂಜ್ಞೇಯವಾದ್ದರಿಂದ ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ರೋಗ ವಾಸಿಯ ಪ್ರಚಾರವಿದ್ದರೆ 1954ರ ಮಾಂತ್ರಿಕ ಔಷಧಿ ಜಾಹೀರಾತು ಕಾಯ್ದೆ: ತಾಯತ, ಮಂತ್ರ, ಕವಚಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಟಿವಿಯಲ್ಲಿ ಹನುಮಾನ್ ಚಾಲೀಸಾ ಯಂತ್ರ ಮಾರುವುದನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ಕಾನೂನುಬಾಹಿರ ಎಂದಿತು. ನಮ್ಮ ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರಲ್ಲಿ. ಒಂದರಿಂದ ಏಳು ವರ್ಷ ಶಿಕ್ಷೆ. ಭಜನೆ, ಪ್ರವಚನ, ಯಾತ್ರೆಗಳನ್ನು ಅದು ಮುಟ್ಟುವುದಿಲ್ಲ. ಕೃತ್ಯ ಅನುಸೂಚಿಯಲ್ಲಿ ಇದೆಯೇ ಎಂದು ನೋಡದೆ ದೂರು ಬರೆಯಬಾರದು.

ವಾಪಸ್ ಕೊಡುತ್ತೇವೆ, ಲಾಭ ಕೊಡುತ್ತೇವೆ ಎಂದು ಹಣ ಸಂಗ್ರಹಿಸಿದ್ದರೆ ಅದು ದೇಣಿಗೆಯಲ್ಲ, ಠೇವಣಿ. 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಮತ್ತು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಎರಡೂ ಆಗ ಬರುತ್ತವೆ. 2019ರಲ್ಲಿ ಬೆಂಗಳೂರಿನಲ್ಲಿ ಕುಸಿದ ಐಎಂಎ ಎಂಬ ಹೂಡಿಕೆ ಕಂಪನಿ ಧಾರ್ಮಿಕ ಸಂಸ್ಥೆಯಾಗಿರಲಿಲ್ಲ, ಆದರೆ ಹಲಾಲ್ ಹೂಡಿಕೆ ಎಂಬ ನಂಬಿಕೆಯ ಮೇಲೆಯೇ ಜನ ಹಣ ಹಾಕಿದ್ದರು. ಇಂಥ ಪ್ರಕರಣದಲ್ಲಿ ಒಂಟಿ ದಾವೆ ಹೂಡದೆ ಸಕ್ಷಮ ಪ್ರಾಧಿಕಾರದ ಮುಂದೆ ಸಮಯಕ್ಕೆ ಸರಿಯಾಗಿ ಕ್ಲೇಮ್ ಹಾಕುವುದೇ ಲೇಸು. ಆಸ್ತಿ ಜಪ್ತಿಯ ಅಧಿಕಾರ ಇರುವುದು ಅಲ್ಲಿ.

ಟ್ರಸ್ಟಿಗಳನ್ನು ತೆಗೆಯಬೇಕು, ಲೆಕ್ಕ ಕೊಡಿಸಬೇಕು ಎಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಸಂಸ್ಥೆಯಲ್ಲಿ ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು, ನ್ಯಾಯಾಲಯದ ಪೂರ್ವಾನುಮತಿ. ಇದರಲ್ಲಿ ವೈಯಕ್ತಿಕ ಹಣ ವಾಪಸ್ ಕೇಳುವಂತಿಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಮುಜರಾಯಿ ಇಲಾಖೆಗೆ ದೂರು ಕೊಟ್ಟರೆ ಆಗದೇ ಎಂದು ಕೇಳುತ್ತಾರೆ. ದೇವಸ್ಥಾನಕ್ಕಾದರೆ ಸರಿ, ಆ ಇಲಾಖೆಯ 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೆ ಅನ್ವಯಿಸುವುದಿಲ್ಲ.

ಪುರಾವೆಯಲ್ಲಿ ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್‌ನದೇ ಸಿಂಹಪಾಲು. ಸ್ಕ್ರೀನ್‌ಶಾಟ್ ಸಾಲದು. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿಸಿ, ಮೂಲ ಫೋನನ್ನು ಹಾಗೇ ಇಡಿಸುತ್ತೇನೆ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗ: ಎ ಭಾಗಕ್ಕೆ ಕಕ್ಷಿದಾರರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಎರಡರಲ್ಲೂ ಹ್ಯಾಷ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು. ಪ್ರವಚನದ ವಿಡಿಯೊ ನೋಟಿಸ್ ತಲುಪಿದ ಕೂಡಲೇ ಮಾಯವಾಗುತ್ತದೆ, ಆದ್ದರಿಂದ ಡೌನ್‌ಲೋಡ್ ಮತ್ತು ಹ್ಯಾಷ್ ಆದ ಮೇಲೆಯೇ ನೋಟಿಸ್ ಅಂಚೆಗೆ. ನೋಟಿಸಿನಲ್ಲಿ ಕಳ್ಳ, ಢೋಂಗಿ ಎಂಬ ಪದ ಇರಬಾರದು. ಕಕ್ಷಿದಾರರು ಫೇಸ್‌ಬುಕ್‌ನಲ್ಲಿ ಒಂದಕ್ಷರ ಬರೆಯಬಾರದು. ಧಾರ್ಮಿಕ ಭಾವನೆಗೆ ಧಕ್ಕೆ ಎಂದು ನ್ಯಾಯ ಸಂಹಿತೆಯ 299, ಮಾನನಷ್ಟ ಎಂದು 356ನೇ ಕಲಮಿನಡಿ ಪ್ರತಿದೂರು ತಯಾರಾಗಿಯೇ ಇರುತ್ತದೆ.

ಹೊರದೇಶದ ಕನ್ನಡಿಗರು ಬಂದರೆ ಪಾಸ್‌ಪೋರ್ಟ್ ಯಾವುದು ಎಂದು ಕೇಳುತ್ತೇನೆ. ಭಾರತದ್ದಾದರೆ ತೊಡಕಿಲ್ಲ. ಒಸಿಐ, ಅಂದರೆ ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರು ಆಗಿದ್ದರೆ ಆ ದೇಣಿಗೆ ವಿದೇಶಿ ವಂತಿಗೆ. ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ಖಾತೆಗೇ ಬರಬೇಕಿತ್ತು. ಬೇರೆ ಖಾತೆಗೆ ತರಿಸಿಕೊಂಡಿದ್ದರೆ ಅದು ಕಾಯ್ದೆಯ ಉಲ್ಲಂಘನೆ, ಹಾಗಾಗಿ ಸಂಸ್ಥೆ ರಾಜಿಗೆ ಬೇಗ ಕೂರುತ್ತದೆ.

"ಮುಂದೆ ಯಾವ ಕೋರ್ಟಿಗೂ ಹೋಗುವುದಿಲ್ಲ" ಎಂದು ಭಕ್ತರಿಂದ ಮೊದಲೇ ಬರೆಸಿಕೊಂಡಿರುವ ಮುಚ್ಚಳಿಕೆ ಕಂಡರೆ ಹೆದರಬೇಕಿಲ್ಲ. ಕರಾರು ಕಾಯ್ದೆಯ 28ನೇ ಕಲಮಿನಂತೆ ಅದು ಶೂನ್ಯ. ಜಪಾನಿನ ಸುಪ್ರೀಂ ಕೋರ್ಟ್ ಕೂಡ 2024ರ ಜುಲೈಯಲ್ಲಿ ಯೂನಿಫಿಕೇಶನ್ ಚರ್ಚ್ ಬರೆಸಿಕೊಂಡಿದ್ದ ಇಂಥದೇ ಪತ್ರವನ್ನು ಅಸಿಂಧು ಎಂದಿತು. ಆದರೆ ವ್ಯಾಜ್ಯ ಹುಟ್ಟಿದ ಮೇಲೆ ಹಣ ಪಡೆದು ಸಹಿ ಮಾಡಿದ ರಾಜಿಪತ್ರ ಬೇರೆ, ಅದು ಕಟ್ಟಿಹಾಕುತ್ತದೆ. ರಾಜಿಯಾದರೆ ಡಿಡಿ ನಂಬರ್ ಮತ್ತು ದಿನಾಂಕ ಮೆಮೊದಲ್ಲೇ ಬರೆಸುತ್ತೇನೆ, ಕಂತಾದರೆ ತಪ್ಪಿದ ಕಂತಿಗೆ ಬಡ್ಡಿ ದರವನ್ನೂ. ಮಠದ ಘನತೆಗಾಗಿ ಬಾಯಿಮಾತಿನಲ್ಲಿ ಇರಲಿ ಎನ್ನುವ ಮಧ್ಯಸ್ಥರು ಇದ್ದೇ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು, ಮೆಮೊ ಟೈಪ್ ಆಗುವವರೆಗೆ ಕೂರಿಸಿಕೊಳ್ಳುತ್ತೇನೆ.