ಪುಸ್ತಕ ಬದಲಿಸೋದು ಬಿಟ್ಟೆವು, ಗಣಿತ ದಾರಿಗೆ ಬಂತು

ಮಗುವಿಗೆ ನಾವೇ ಮನೆಯಲ್ಲಿ ಕಲಿಸುವಾಗ ಗಣಿತ ಮುಗ್ಗರಿಸಿದ್ದು ವರ್ಷದ ನಡುವೆ ಪಠ್ಯಕ್ರಮ ಬದಲಿಸಿದ್ದರಿಂದ. ಹಳೆಯ ಪುಸ್ತಕ ಭಿನ್ನರಾಶಿಯನ್ನು ಚಿತ್ರದಲ್ಲೇ ನಿಲ್ಲಿಸಿತ್ತು, ಹೊಸದು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಮಗುವಿಗೆ ಬರುತ್ತದೆ ಎಂದುಕೊಂಡೇ ಶುರುವಾಗುತ್ತಿತ್ತು. ಪರಿಣಾಮ, ಮಗುವಿನ ತಪ್ಪು ಉತ್ತರ: 1/2 + 1/3 = 2/5. ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆ!

ಕಾಗದದ ಎರಡು ಸಮ ಪಟ್ಟಿಗಳನ್ನು ಆರಾರು ಭಾಗ ಮಡಚಿ, ಒಂದರ ಅರ್ಧಕ್ಕೆ, ಇನ್ನೊಂದರ ಮೂರನೇ ಒಂದು ಭಾಗಕ್ಕೆ ಬಣ್ಣ ಹಚ್ಚಿಸಿದರೆ 3/6 + 2/6 = 5/6 ಕಣ್ಣಿಗೇ ಕಾಣುತ್ತದೆ. ಆಮೇಲೆ ಲ.ಸಾ.ಅ.

ಈಗ ಒಂದೇ ಪುಸ್ತಕ. 120 ಪಾಠ, ವಾರಕ್ಕೆ 4, ಒಟ್ಟು 30 ವಾರ. ವರ್ಷಕ್ಕೆ 36 ವಾರ ಹಿಡಿದರೆ ಉಳಿದ 6 ಜ್ವರ, ಪ್ರಯಾಣ, ಪುನರಾವರ್ತನೆಗೆ. ವಾರಕ್ಕೆ ಐದು ಪಾಠ ತುರುಕಬೇಡಿ, ಒಂದು ದಿನ ತಪ್ಪಿದರೂ ಬಾಕಿ ಬೆಳೆಯುತ್ತದೆ. ದಿನಾ ಅದೇ ಹೊತ್ತಿಗೆ 30 ನಿಮಿಷ. ಮೊದಲ 5 ನಿಮಿಷ ಹಳೆಯ ಮೂರು ಲೆಕ್ಕ. "ಇವತ್ತು ಏನು ಮಾಡೋದು?" ಅನ್ನೋ ಬೆಳಗಿನ ಜಗ್ಗಾಟವೂ ನಿಂತಿತು.