ಮಣಿಕಟ್ಟಿನ ಕೀಲು ತಪ್ಪಿದರೆ ಎಣ್ಣೆ ತಿಕ್ಕಬೇಡಿ

ಬೈಕಿನಿಂದ ಬಿದ್ದವರೂ ಏಣಿಯಿಂದ ಜಾರಿದವರೂ ಸಾಮಾನ್ಯವಾಗಿ ಅಂಗೈ ಊರಿಯೇ ನೆಲ ಮುಟ್ಟುತ್ತಾರೆ. ಮಣಿಕಟ್ಟು ಊದಿಕೊಳ್ಳುತ್ತದೆ. ‘ಉಳುಕಿದೆ ಅಷ್ಟೆ’ ಎಂದು ಮನೆಯವರು ಎಣ್ಣೆ ತಿಕ್ಕಿ ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಒಳಗೆ ಕೀಲು ತಪ್ಪಿದ್ದರೆ ಕೆಲಸ ಕೆಡುವುದು ಇಲ್ಲಿಯೇ.

ಮೊದಲು ಬಳೆ, ಉಂಗುರ ತೆಗೆಯಿರಿ. ಊತ ಏರಿದರೆ ಆಮೇಲೆ ಕತ್ತರಿಸಬೇಕಾದೀತು. ಗಟ್ಟಿ ರಟ್ಟಿನ ಆಸರೆ ಕೊಟ್ಟು ಆಸ್ಪತ್ರೆಗೆ ಹೊರಡಿ. ಎಳೆದು ಕೂರಿಸುವ ಸಾಹಸ ಬೇಡ.

ಎಕ್ಸ್‌ರೇಯನ್ನು ಪಕ್ಕದಿಂದಲೂ ತೆಗೆಸಬೇಕು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಲೂನೇಟ್ ಇದೆ. ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಸುತ್ತಲಿನ ಅಸ್ಥಿರಜ್ಜುಗಳು ಹರಿದರೆ ಅದು ಅಂಗೈ ಕಡೆಗೆ ಹೊರಳಿ, ಪಕ್ಕದ ಚಿತ್ರದಲ್ಲಿ ಮಗುಚಿದ ಚಹಾ ಬಟ್ಟಲಿನಂತೆ ಕಾಣುತ್ತದೆ. ಮುಂದಿನಿಂದ ತೆಗೆದ ಚಿತ್ರವೊಂದನ್ನೇ ನಂಬಿದರೆ ಕಣ್ತಪ್ಪುವುದು ಸುಲಭ. ಇಂಥ ಗಾಯಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮೊದಲ ಭೇಟಿಯಲ್ಲಿ ಪತ್ತೆಯಾಗುವುದೇ ಇಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿದ್ದರೆ ಮಣಿಕಟ್ಟಿನ ಮೂಲಕ ಈ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಒತ್ತಿಹೋಗಿದೆ ಎಂದರ್ಥ. ಆಗ ಮರುದಿನಕ್ಕೆ ಕಾಯುವಂತಿಲ್ಲ.

ವೈದ್ಯರು ಮೊದಲು ಅರಿವಳಿಕೆ ಕೊಟ್ಟು, ಕೈಯನ್ನು ಎಳೆದು ಮೂಳೆ ಕೂರಿಸುತ್ತಾರೆ. ‘ಕೂತಿತಲ್ಲ, ಇನ್ನು ಆಪರೇಷನ್ ಯಾಕೆ?’ ಎಂದು ಅನೇಕರು ಕೇಳುತ್ತಾರೆ. ಹರಿದ ರಜ್ಜು ಮೂಳೆಯನ್ನು ಹಿಡಿದಿಡಲಾರದು, ಅದಕ್ಕೆ. ಮಣಿಕಟ್ಟಿನ ಹಿಂಬದಿ ಕೊಯ್ದು ಮೂಳೆಗಳನ್ನು ಸಾಲಿಗೆ ತಂದು, ರಜ್ಜುವನ್ನು ಹೊಲಿದು, ಕೆ-ವೈರ್ ಎಂಬ ಸಣ್ಣ ತಂತಿಗಳಿಂದ ಬಿಗಿಯುತ್ತಾರೆ. ಲೂನೇಟ್ ಪಕ್ಕದಲ್ಲಿ, ಹೆಬ್ಬೆರಳಿನ ಕಡೆಗಿರುವ ಸ್ಕ್ಯಾಫಾಯ್ಡ್ ಮೂಳೆಯೂ ಮುರಿದಿದ್ದರೆ ಅದಕ್ಕೊಂದು ಸ್ಕ್ರೂ. ನರದ ಒತ್ತಡ ಇಳಿಸಲು ಅಂಗೈ ಕಡೆಯೂ ಕೊಯ್ಯಬೇಕಾಗಬಹುದು.

ತಂತಿ ತೆಗೆಯುವುದು ಸಾಮಾನ್ಯವಾಗಿ 8ರಿಂದ 12 ವಾರಗಳ ನಂತರ. ಅಲ್ಲಿಯವರೆಗೆ ಮಣಿಕಟ್ಟಿಗೆ ಮಾತ್ರ ವಿಶ್ರಾಂತಿ, ಬೆರಳುಗಳಿಗಲ್ಲ. ವೈದ್ಯರು ಬೇಡವೆನ್ನದಿದ್ದರೆ ಆಪರೇಷನ್ನಿನ ಮರುದಿನದಿಂದಲೇ ಬೆರಳು ಮಡಚಿ ಬಿಡಿಸಬೇಕು, ಭುಜ ಮತ್ತು ಮೊಣಕೈಯನ್ನೂ ಆಡಿಸಬೇಕು. ನೋವೆಂದು ಕೈಯನ್ನು ಜೋಳಿಗೆಯಲ್ಲಿ ಮಲಗಿಸಿಟ್ಟವರ ಬೆರಳುಗಳು ಮರಗಟ್ಟುತ್ತವೆ. ಮಲಗುವಾಗ ಕೈ ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿರಲಿ. ಪ್ಲಾಸ್ಟರ್ ಒಳಗೆ ನೋವು ಏರುತ್ತಲೇ ಹೋದರೆ, ಬೆರಳು ನೀಲಿಗಟ್ಟಿದರೆ, ತಂತಿಯ ಬುಡದಲ್ಲಿ ಕೀವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ತಂತಿ ತೆಗೆದ ದಿನ ಕೈ ಮರದ ತುಂಡಿನಂತಿರುತ್ತದೆ, ಗಾಬರಿ ಬೇಡ. ಫಿಸಿಯೋಥೆರಪಿಯಲ್ಲಿ ಮೊದಲು ಮೆಲ್ಲಗೆ ಬಾಗಿಸುವುದು, ಆಮೇಲೆ ಮೆತ್ತನೆಯ ಚೆಂಡು ಹಿಸುಕುವುದು. ಭಾರದ ಕೆಲಸಕ್ಕೆ ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಹಿಡಿತ ಮತ್ತು ಬಾಗುವಿಕೆ ಪೂರ್ತಿ ಮರಳುವುದು ಅಪರೂಪ. ಇದನ್ನು ಆಪರೇಷನ್ನಿಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಸ್ಕೂಟರಿನ ಬ್ರೇಕ್ ನೋವಿಲ್ಲದೆ ಬಿಗಿಯಾಗಿ ಹಿಡಿಯಲು ಬರುವ ತನಕ ಬಸ್ಸೇ ವಾಸಿ.