ದಂಡೆಯಿಂದ ಟ್ರೌಟ್ ಹಿಡಿಯುವುದು: ಎರೆ ತಳದಲ್ಲಿ ಮಲಗಬಾರದು, ಎದ್ದು ನಿಲ್ಲಬೇಕು

ಊರ ಕೆರೆಯಲ್ಲಿ ಗಾಳ ಹಾಕಿ ರೂಢಿಯಿದ್ದವರು ಕ್ಯಾಲಿಫೋರ್ನಿಯಾದ ಟ್ರೌಟ್ ಕೆರೆಗಳಿಗೆ ಬಂದಾಗ ಬಹುಮಟ್ಟಿಗೆ ಒಂದೇ ಕಡೆ ಎಡವುತ್ತಾರೆ. ಗೆಂಡೆ ಮೀನಿಗೆ ಹಿಟ್ಟಿನ ಉಂಡೆ ತಳಕ್ಕೆ ಹೋಗಿ ಕೂತರೆ ಸಾಕು, ಅದು ಕೆಸರು ಕೆದಕಿ ತಿನ್ನುತ್ತದೆ. ರೇನ್‌ಬೋ ಟ್ರೌಟ್ ಹಾಗಲ್ಲ. ತಳದಿಂದ ತುಸು ಮೇಲೆ ಸುತ್ತಾಡುತ್ತ, ಎದುರಿಗೂ ತಲೆಯ ಮೇಲೂ ಕಂಡದ್ದಕ್ಕೆ ಬಾಯಿ ಹಾಕುವ ಮೀನು ಅದು. ಪಾಚಿಯಲ್ಲಿ ಹೂತುಹೋದ ಎರೆ ಅದರ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಇಲ್ಲಿ ಹೇಳುವ ಕಟ್ಟುಗಳೆಲ್ಲ, ಅಂದರೆ ದಾರ, ಗುಂಡು, ಕೊಕ್ಕೆ ಜೋಡಿಸುವ ರೀತಿಗಳೆಲ್ಲ, ಎರಡು ಕೆಲಸಕ್ಕಾಗಿ: ಮೀನು ಓಡಾಡುವ ಮಟ್ಟದಲ್ಲಿ ಎರೆ ನಿಲ್ಲಬೇಕು, ಬಾಯಿಗೆ ಹಾಕಿಕೊಂಡಾಗ ಸೀಸದ ಭಾರ ಅದಕ್ಕೆ ತಿಳಿಯಬಾರದು.

ಮೊದಲು ಕಾಗದಪತ್ರ. 16 ವರ್ಷ ತುಂಬಿದ ಎಲ್ಲರಿಗೂ ರಾಜ್ಯದ ಫಿಶಿಂಗ್ ಲೈಸೆನ್ಸ್ ಬೇಕು. ವರ್ಷದ ಲೈಸೆನ್ಸ್ ಈಗ ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಒಬ್ಬರೇ ಎರಡು ರಾಡ್ ಹಾಕುವುದಾದರೆ ಅದಕ್ಕೆ ಬೇರೆ ಪರವಾನಗಿ ಸೇರಿಸಿಕೊಳ್ಳಬೇಕು. ಲಿವರ್‌ಮೋರ್ ಬಳಿಯ ಡೆಲ್ ವ್ಯಾಲೆ, ಪ್ಲೆಸೆಂಟನ್ನಿನ ಶ್ಯಾಡೋ ಕ್ಲಿಫ್ಸ್, ಕ್ಯಾಸ್ಟ್ರೋ ವ್ಯಾಲಿ ಪಕ್ಕದ ಚಾಬೋ ಕೆರೆಗಳಲ್ಲಿ ಲೈಸೆನ್ಸಿನ ಜೊತೆಗೆ ಅಲ್ಲಿನ ಪಾರ್ಕಿನವರ ದಿನದ ಪರ್ಮಿಟ್ಟೂ ಬೇಕು. ಸಾಮಾನ್ಯವಾಗಿ ಕೆರೆಗಳಲ್ಲಿ ದಿನಕ್ಕೆ 5 ಟ್ರೌಟ್ ಮಿತಿ. ಆದರೆ ಸಿಯೆರಾ ಬೆಟ್ಟದ ಕೆಲವು ನೀರುಗಳಲ್ಲಿ ಎರೆ ಬಳಸುವುದಕ್ಕೇ ನಿಷೇಧ, ಕೆಲವು ಕಡೆ ಕೆಲವು ತಿಂಗಳು ಮಾತ್ರ ನಿಷೇಧ. ಹೋಗುವ ಕೆರೆಯ ಹೆಸರು ಹಿಡಿದು ಆ ವರ್ಷದ ನಿಯಮ ಓದಿಕೊಂಡೇ ಹೊರಡಿ.

ಯಾವಾಗ, ಎಲ್ಲಿ

ಟ್ರೌಟಿಗೆ ಹಿತವಾದ ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಅದಕ್ಕೆ ಸಂಕಟ ಶುರು, ಏಕೆಂದರೆ ಬಿಸಿಯಾದಷ್ಟೂ ನೀರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ತಗ್ಗಿನ ಕೆರೆಗಳಲ್ಲಿ ಸಾಕಿದ ಟ್ರೌಟ್ ತಂದು ಬಿಡುವುದು ಚಳಿಗಾಲ ಮತ್ತು ವಸಂತದಲ್ಲಿ, ಮೀನು ದಂಡೆಗೆ ಹತ್ತಿರ ಬರುವುದೂ ಆಗಲೇ. ಬೇಸಿಗೆಯಲ್ಲಿ ಅಲ್ಲಿ ದಂಡೆಯಿಂದ ಟ್ರೌಟಿಗೆ ಕಾಯುವುದು ವ್ಯರ್ಥ. ಜೂನ್ ಲೇಕ್, ಕಾನ್ವಿಕ್ಟ್ ಲೇಕ್‌ನಂಥ ಎತ್ತರದ ಕೆರೆಗಳಿಗೆ ಹೋಗಿ, ಅಲ್ಲೂ ಬೆಳಕು ಹರಿಯುವ ಹೊತ್ತಿಗೇ ದಾರ ನೀರಲ್ಲಿರಲಿ. ಐದು ಡಾಲರಿನ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಮುಳುಗಿಸಿ ನೋಡುವುದು ಯಾವ ದುಬಾರಿ ರಾಡಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊಸದಾಗಿ ಬಿಟ್ಟ ಮೀನು ಮೊದಲ ಕೆಲವು ದಿನ ಲಾರಿಯಿಂದ ಇಳಿಸಿದ ಜಾಗದ ಆಸುಪಾಸಿನಲ್ಲೇ, ಅಂದರೆ ದೋಣಿ ಇಳಿಸುವ ಇಳಿಜಾರಿನ ಎರಡೂ ಬದಿಗೆ, ಗುಂಪಾಗಿ ತಿರುಗುತ್ತಿರುತ್ತದೆ. ಆಳ ಒಂದರಿಂದ ಮೂರು ಮೀಟರ್. ಅವು ಹ್ಯಾಚರಿಯಲ್ಲಿ (ಮೀನುಮರಿ ಸಾಕುವ ಕೇಂದ್ರದಲ್ಲಿ) ಪೆಲೆಟ್ ಎಂಬ ಗುಳಿಗೆಯಾಹಾರ ತಿಂದು ಬೆಳೆದವು, ಆದ್ದರಿಂದ ವಾಸನೆಯ ಹಿಟ್ಟಿನ ಎರೆಗೆ ಬೇಗ ಒಲಿಯುತ್ತವೆ. ವಾರಗಳು ಕಳೆದ ಮೇಲೆ ಚದುರಿ, ಹುಳುಹುಪ್ಪಟೆ ತಿನ್ನುವುದನ್ನು ಕಲಿಯುತ್ತವೆ. ಆಗ ಹಿಟ್ಟಿಗಿಂತ ಎರೆಹುಳು ಮೇಲು. ಜಾಗ ಹುಡುಕುವಾಗ ನೀರಿಗೆ ಚಾಚಿದ ಮೂಲೆ, ಹಳ್ಳ ಬಂದು ಸೇರುವ ಬಾಯಿ, ಸಪಾಟು ತಳ ಥಟ್ಟನೆ ಆಳಕ್ಕಿಳಿಯುವ ಅಂಚು ನೋಡಿ. ಗಾಳಿ ಬೀಸುತ್ತಿದ್ದರೆ ಅದು ಅಲೆಯನ್ನು ತಂದು ಬಡಿಯುವ ದಂಡೆಯಲ್ಲೇ ನಿಲ್ಲಿ. ಮುಖಕ್ಕೆ ಗಾಳಿ ಹೊಡೆದು ಬೇಸರವಾಗುತ್ತದೆ ನಿಜ, ಆದರೆ ಮೇಲೆ ತೇಲುವ ಹುಳವೆಲ್ಲ ಅಲ್ಲಿಗೇ ಬಂದು ಸೇರುತ್ತದೆ, ಮೀನೂ ಬರುತ್ತದೆ.

ಸಾಮಾನು

ಆರೂವರೆ ಅಥವಾ ಏಳು ಅಡಿಯ ಲೈಟ್ ರಾಡ್, 2000 ಸೈಜಿನ ಸ್ಪಿನ್ನಿಂಗ್ ರೀಲ್, ಅದರ ತುಂಬ 4 ಅಥವಾ 6 ಪೌಂಡ್ ಎಳೆತ ತಾಳುವ ನೈಲಾನ್ ದಾರ. ಇದಕ್ಕಿಂತ ದಪ್ಪ ದಾರ ಬೇಡ. ತಿಳಿನೀರಲ್ಲಿ ಟ್ರೌಟ್ ದಾರ ಕಂಡು ಹಿಂಜರಿಯುತ್ತದೆ, ದಪ್ಪ ದಾರದಲ್ಲಿ ಹಗುರ ಎರೆ ದೂರಕ್ಕೂ ಹೋಗುವುದಿಲ್ಲ. ಗಾಳದ ಕೊಕ್ಕೆಗಳ ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎನ್ನುವುದು ನೆನಪಿರಲಿ. ಹಿಟ್ಟಿಗೆ 16 ಅಥವಾ 18ರ ಮೂರುಮೊನೆ ಕೊಕ್ಕೆ, ಎರೆಹುಳುವಿಗೆ 8ರ ಒಂಟಿ ಕೊಕ್ಕೆ, ಸಾಲ್ಮನ್ ಮೊಟ್ಟೆಗೆ 12 ಅಥವಾ 14. ಇನ್ನುಳಿದದ್ದು ಕಾಲು ಮತ್ತು ಅರ್ಧ ಔನ್ಸಿನ, ಮಧ್ಯೆ ತೂತಿರುವ ಮೊಟ್ಟೆಯಾಕಾರದ ಸೀಸದ ಗುಂಡು, ಪ್ಲಾಸ್ಟಿಕ್ ಮಣಿ, ಚಿಕ್ಕ ಸ್ವಿವೆಲ್ (ಎರಡು ಕಣ್ಣಿನ ತಿರುಗುಕೊಂಡಿ), ಲೀಡರಿಗೆ (ಕೊಕ್ಕೆ ಕಟ್ಟುವ ತುದಿಯ ತುಂಡುದಾರಕ್ಕೆ) 2ರಿಂದ 4 ಪೌಂಡಿನ ದಾರ, ಕೈಬಲೆ, ಗಾಳ ಬಿಡಿಸಲು ಉದ್ದಮೂತಿಯ ಇಕ್ಕಳ.

ಜಾರುಗುಂಡಿನ ಕಟ್ಟು

ಒಂದೇ ಕಟ್ಟು ಕಲಿಯುವುದಾದರೆ ಇದನ್ನು ಕಲಿಯಿರಿ.

1. ರೀಲಿನ ದಾರವನ್ನು ಗುಂಡಿನ ತೂತಿಗೆ ಪೋಣಿಸಿ, ಅದರ ಹಿಂದೆ ಮಣಿ ಪೋಣಿಸಿ. ಗುಂಡು ಬಂದು ಗಂಟಿಗೆ ಬಡಿಯದಂತೆ ಮಣಿ ತಡೆಯುತ್ತದೆ.
2. ದಾರದ ತುದಿಯನ್ನು ಸ್ವಿವೆಲ್‌ಗೆ ಕಟ್ಟಿ. ತುದಿಯನ್ನು ದಾರದ ಸುತ್ತ ಐದಾರು ಸಲ ಸುತ್ತಿ, ಕಣ್ಣಿನ ಬಳಿಯ ಕುಣಿಕೆಯಲ್ಲಿ ತೂರಿಸಿ, ಆಗ ಹುಟ್ಟುವ ದೊಡ್ಡ ಕುಣಿಕೆಯಲ್ಲೂ ತೂರಿಸಿ. ಬಿಗಿಯುವ ಮುಂಚೆ ಬಾಯಲ್ಲಿ ಹಿಡಿದು ಒದ್ದೆ ಮಾಡಿ, ನಿಧಾನ ಎಳೆಯಿರಿ. ಒಣಗಂಟು ಉಜ್ಜಿ ಬಿಸಿಯಾಗಿ ದಾರ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಗಂಟಲ್ಲಿ ದಾರ ಕಡಿದು ಮೀನು ಹೋದರೆ ಕಾರಣ ಹೆಚ್ಚಾಗಿ ಇದೇ.
3. ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ 45ರಿಂದ 90 ಸೆಂಟಿಮೀಟರ್ ಲೀಡರ್, ಅದರ ತುದಿಗೆ ಕೊಕ್ಕೆ.

ಲೀಡರ್ ಎಷ್ಟುದ್ದವೋ ಎರೆ ತಳದಿಂದ ಅಷ್ಟೆತ್ತರ ತೇಲುತ್ತದೆ. ಆದ್ದರಿಂದ ಉದ್ದ ತೀರ್ಮಾನಿಸುವುದು ಕೆರೆಯ ಪಾಚಿ. ಮೊದಲು ಬರೀ ಕೊಕ್ಕೆ ಎಸೆದು ತಳದಲ್ಲಿ ಎಳೆದು ನೋಡಿ. ಪಾಚಿ ಸಿಕ್ಕಿಬಂದರೆ ಲೀಡರ್ 90 ಸೆಂಟಿಮೀಟರಿಗೆ ಏರಿಸಿ, ಸ್ವಚ್ಛ ಮರಳಾದರೆ 45 ಸಾಕು. ಗುಂಡು ದಾರದ ಮೇಲೆ ಸಲೀಸಾಗಿ ಜಾರುವುದರಿಂದ ಮೀನು ಎರೆ ಕಚ್ಚಿ ಹೊರಟರೂ ಗುಂಡು ಇದ್ದಲ್ಲೇ ಇರುತ್ತದೆ, ದಾರ ಮಾತ್ರ ಹರಿಯುತ್ತದೆ. ಗುಂಡನ್ನು ದಾರಕ್ಕೆ ಬಿಗಿಯಾಗಿ ಕಚ್ಚಿಸಿದರೆ ಭಾರ ತಿಳಿದ ಮೀನು ಎರೆಯನ್ನು ಉಗಿದು ಹೋಗುತ್ತದೆ.

ಹಿಟ್ಟು

ಪವರ್‌ಬೇಟ್ ಥರದ ಡಬ್ಬಿಹಿಟ್ಟು ತೇಲುವಂತೆ ತಯಾರಾದದ್ದು. ಮನೆಯ ಮೈದಾ ಉಂಡೆ ಈ ಕಟ್ಟಿಗೆ ಆಗದು, ಅದು ಮುಳುಗುತ್ತದೆ. ಕಡಲೆಕಾಳಿನಷ್ಟು ತೆಗೆದು, ಮೂರು ಮೊನೆಯೂ ಮುಚ್ಚುವಂತೆ ಕೊಕ್ಕೆಗೆ ಮೆತ್ತಿ, ಮೇಲಕ್ಕೆ ಚೂಪಾಗಿ ನೀರ ಹನಿಯ ಆಕಾರಕ್ಕೆ ತನ್ನಿ. ಚಪಾತಿ ಹಿಟ್ಟಿನಂತೆ ನಾದಬೇಡಿ, ಒಳಗಿನ ಗಾಳಿ ಹೋಗಿ ತೇಲುವ ಗುಣವೇ ಕೆಡುತ್ತದೆ. ಎಸೆಯುವ ಮೊದಲು ಕಾಲಬುಡದ ನೀರಲ್ಲಿ ಬಿಟ್ಟು ನೋಡಿ. ಮೇಲೇಳಲೇಬೇಕು. ಮುಳುಗಿದರೆ ಇನ್ನಷ್ಟು ಹಿಟ್ಟು ಹಾಕಿ, ಇಲ್ಲವೇ ಕೊಕ್ಕೆಯನ್ನು ಒಂದು ಸೈಜು ಚಿಕ್ಕದು ಮಾಡಿ. ಈ ಅರೆನಿಮಿಷದ ಪರೀಕ್ಷೆ ಬಿಟ್ಟವರೇ ಇಡೀ ಬೆಳಿಗ್ಗೆ ಖಾಲಿ ಕೂರುವುದು.

ಬಣ್ಣದ ಬಗ್ಗೆ ಬಹಳ ವಾದವಿದೆ. ಹಳದಿಮಿಶ್ರಿತ ಹಸಿರು ಅಥವಾ ಗುಲಾಬಿಯಿಂದ ಶುರುಮಾಡಿ, ಅರ್ಧ ಗಂಟೆ ಕಚ್ಚದಿದ್ದರೆ ಬದಲಿಸಿ. ಆದರೆ ಬಣ್ಣ ಮೂರು ಸಲ ಬದಲಿಸುವ ಮುಂಚೆ ಜಾಗವನ್ನೋ ಲೀಡರ್ ಉದ್ದವನ್ನೋ ಒಮ್ಮೆ ಬದಲಿಸಿ, ಫಲ ಅದರಲ್ಲೇ ಹೆಚ್ಚು. ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಎರೆ ಮುಟ್ಟಬೇಡಿ, ಮಣ್ಣಲ್ಲಿ ಉಜ್ಜಿ ತೊಳೆದುಕೊಳ್ಳಿ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಪ್ಲಾಸ್ಟಿಕ್ ಸಾಮಾನನ್ನೂ ತಿನ್ನುತ್ತದೆ.

ಎರೆಹುಳು, ಮೊಟ್ಟೆ

ಅಂಗಡಿಯ ನೈಟ್‌ಕ್ರಾಲರ್ ಹುಳ ನಮ್ಮ ಎರೆಹುಳುವಿನ ಎರಡರಷ್ಟು. ಅರ್ಧ ಸಾಕು. ತುಂಡಾದ ತುದಿಯಿಂದ ಕೊಕ್ಕೆಗೆ ಪೋಣಿಸಿ, ಎರಡು ಸೆಂಟಿಮೀಟರ್ ಬಾಲ ಜೋತಾಡಲು ಬಿಡಿ. ಅದಕ್ಕಿಂತ ಉದ್ದ ಬಿಟ್ಟರೆ ಮೀನು ಬಾಲವನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ. ಹುಳ ತಾನಾಗಿ ಮುಳುಗುವುದರಿಂದ ಅದರೊಳಗೆ ಗಾಳಿ ತುಂಬಬೇಕು. ಇದಕ್ಕೆಂದೇ ಸೂಜಿಮೂತಿಯ ಚಿಕ್ಕ ಪ್ಲಾಸ್ಟಿಕ್ ಬಾಟಲಿ ಸಿಗುತ್ತದೆ. ಹುಳವನ್ನು ಹಲಗೆಯ ಮೇಲಿಟ್ಟು ಬಾಲದ ಕಡೆ ಚುಚ್ಚಿ ಒಮ್ಮೆ ಮೆಲ್ಲಗೆ ಅಮುಕಿದರೆ ಗುಳ್ಳೆ ಏಳುತ್ತದೆ. ಬೆರಳ ಮೇಲಿಟ್ಟು ಚುಚ್ಚುವುದು ಅಪಾಯ, ಸೂಜಿ ಜಾರಿದರೆ ಗಾಳಿ ನಿಮ್ಮ ಮೈಯೊಳಗೇ ಹೋಗುತ್ತದೆ. ಬಾಟಲಿ ಇಲ್ಲದಿದ್ದರೆ ಕೊಕ್ಕೆಗೆ ಮೊದಲು ಒಂದು ಚಿಕ್ಕ ಮಾರ್ಷ್‌ಮ್ಯಾಲೋ ಏರಿಸಿ, ಆಮೇಲೆ ಹುಳ. ಅದೇ ಮೇಲೆತ್ತುತ್ತದೆ.

ಸಾಲ್ಮನ್ ಮೊಟ್ಟೆ ಮುಳುಗುವ ಎರೆ, ಅದು ನೀರ ಮೇಲೆ ತೇಲುವ ಬೆಂಡಿನ ಕೆಳಗೆ ಚೆನ್ನ. ರಾಡಿನ ಉದ್ದಕ್ಕಿಂತ ಆಳದಲ್ಲಿ ಎರೆ ನಿಲ್ಲಿಸಬೇಕೆಂದರೆ ದಾರಕ್ಕೆ ಸಿಕ್ಕಿಸಿದ ಬೆಂಡು ಎಸೆಯಲಾಗದು, ಜಾರುವ ಬೆಂಡು ಬೇಕು. ದಾರಕ್ಕೆ ತಡೆಗಂಟು, ಅದರ ಕೆಳಗೆ ಮಣಿ, ಬೆಂಡು, ಆಮೇಲೆ ಒಂದೆರಡು ಕಚ್ಚುಗುಂಡು (ದಾರಕ್ಕೆ ಒತ್ತಿ ಕೂರಿಸುವ ಸೀಳಿದ ಗುಂಡು), ಕೊನೆಗೆ ಕೊಕ್ಕೆ. ತಡೆಗಂಟನ್ನು ಸರಿಸಿದಲ್ಲಿಗೆ ಆಳ ನಿಗದಿ. ಕೆರೆಯ ಆಳ ತಿಳಿಯಲು ಕೊಕ್ಕೆಗೆ ಭಾರದ ಗುಂಡು ಸಿಕ್ಕಿಸಿ ಎಸೆಯಿರಿ: ಬೆಂಡು ಮುಳುಗಿಹೋದರೆ ಇಟ್ಟ ಅಳತೆ ಕಡಿಮೆ, ಅಡ್ಡ ಮಲಗಿದರೆ ಹೆಚ್ಚು. ತಳದಿಂದ ಅರ್ಧ ಮೀಟರ್ ಮೇಲೆ ಇಟ್ಟು ಶುರುಮಾಡಿ, ಕಚ್ಚದಿದ್ದರೆ ಅರ್ಧರ್ಧ ಮೀಟರ್ ಮೇಲಕ್ಕೆ ತನ್ನಿ.

ಕಚ್ಚಿದಾಗ

ಎಸೆದ ಮೇಲೆ ಗುಂಡು ತಳ ಮುಟ್ಟುವವರೆಗೆ ದಾರ ಬಿಡಿ, ಆಮೇಲೆ ಜೋಲನ್ನು ಸುತ್ತಿಕೊಂಡು ರಾಡ್ ಆನಿಸಿ ಡ್ರ್ಯಾಗ್ (ದಾರ ಎಷ್ಟು ಬಿಗಿಯಲ್ಲಿ ಬಿಚ್ಚಿಕೊಳ್ಳಬೇಕೆಂದು ನಿಗದಿ ಮಾಡುವ ರೀಲಿನ ತಿರುಪು) ಸಡಿಲ ಮಾಡಿ. ಬೆರಳಲ್ಲಿ ಎಳೆದರೆ ದಾರ ಸಲೀಸಾಗಿ ಬರುವಂತಿರಲಿ. ಇಲ್ಲದಿದ್ದರೆ ದೊಡ್ಡ ಮೀನು ರಾಡನ್ನೇ ನೀರಿಗೆಳೆಯುತ್ತದೆ. ರಾಡ್ ತುದಿ ಒಂದೆರಡು ಸಲ ಟಕಟಕ ಅಂದ ಕೂಡಲೇ ಜಗ್ಗಬೇಡಿ, ಅದು ಮೂಸಿ ನೋಡುವ ಹೊತ್ತು. ದಾರ ಒಂದೇ ಸಮ ಓಡತೊಡಗಿದಾಗ ಡ್ರ್ಯಾಗ್ ತುಸು ಬಿಗಿಮಾಡಿ, ಜೋಲು ಸುತ್ತಿ, ಭಾರ ತಿಳಿದ ಮೇಲೆ ರಾಡ್ ಎತ್ತಿ. ಚಿಕ್ಕ ಕೊಕ್ಕೆಗೆ ಅಷ್ಟು ಸಾಕು. ಬೀಸಿ ಎಳೆದರೆ ಟ್ರೌಟಿನ ಮೆತ್ತನೆ ಬಾಯಿ ಹರಿಯುತ್ತದೆ. ದಂಡೆ ಹತ್ತಿರ ಬಂದಾಗ ಅದು ಕೊನೆಯದಾಗಿ ಒಮ್ಮೆ ಓಡುತ್ತದೆ. ಆಗ ರೀಲ್ ತಿರುಗಿಸದೆ ಓಡಲು ಬಿಡಿ, ಬಲೆಗೆ ತಲೆ ಮುಂದಾಗಿ ತನ್ನಿ.

ಪದೇ ಪದೇ ಟಕಟಕ ಅಂದು ಎರೆ ಖಾಲಿಯಾಗಿ ಬಂದರೆ ಉಂಡೆ ದೊಡ್ಡದಾಗಿದೆ, ಅರ್ಧ ಮಾಡಿ. ಒಂದು ಗಂಟೆಯ ಮೇಲೂ ಎರೆ ಹಾಕಿದಂತೆಯೇ ಮರಳಿದರೆ ಅಲ್ಲಿ ಮೀನಿಲ್ಲ, ಐವತ್ತು ಹೆಜ್ಜೆ ಸರಿಯಿರಿ. ಜಾಗ ಹುಡುಕಲು ಕಾಲು ಅಥವಾ ಎಂಟನೇ ಒಂದು ಔನ್ಸಿನ ಲೋಹದ ಸ್ಪೂನ್ (ಚಮಚದಾಕಾರದ ಹುಸಿ ಎರೆ) ಬಲು ಚುರುಕು. ನೀರಿಗೆ ಬಿದ್ದ ಕ್ಷಣದಿಂದ ಎಣಿಸುತ್ತ ಹೋಗಿ. ಹತ್ತಕ್ಕೆ ತಳ ಮುಟ್ಟಿತೆಂದರೆ ಮುಂದಿನ ಸಲ ಏಳಕ್ಕೆ ಸುತ್ತಲು ಶುರು, ಆಮೇಲೆ ಐದಕ್ಕೆ. ಯಾವ ಎಣಿಕೆಗೆ ಹೊಡೆಯಿತೋ ಅದೇ ಆಳಕ್ಕೆ ಬೆಂಡಿನ ತಡೆಗಂಟು ಸರಿಸಿಕೊಳ್ಳಿ.

ಬಿಡುವುದೋ, ಒಯ್ಯುವುದೋ

ಇದನ್ನು ಗಾಳ ಹಾಕುವ ಮುಂಚೆಯೇ ನಿರ್ಧರಿಸಿ. ಎರೆಯನ್ನು ಟ್ರೌಟ್ ಗಂಟಲಿನವರೆಗೂ ನುಂಗುತ್ತದೆ, ಹಾಗೆ ಸಿಕ್ಕಿದ್ದನ್ನು ಬಿಟ್ಟರೂ ಬದುಕುವ ಭರವಸೆ ಕಡಿಮೆ. ಬಿಡುವ ಮನಸ್ಸಿದ್ದವರು ಮುಳ್ಳು ಒತ್ತಿ ಸಪಾಟು ಮಾಡಿದ ಒಂಟಿ ಕೊಕ್ಕೆಯ ಸ್ಪೂನ್ ಬಳಸಿ, ಒದ್ದೆ ಕೈಯಲ್ಲಿ ಹಿಡಿದು, ನೀರೊಳಗೇ ಬಿಡಿಸಿ. ಎರೆ ನುಂಗಿದ ಮೀನನ್ನು ಬಿಡಲೇಬೇಕಾಗಿ ಬಂದರೆ ಕೊಕ್ಕೆ ಕೀಳಲು ಹೋಗದೆ ಬಾಯಿಯ ಬಳಿ ದಾರ ಕತ್ತರಿಸಿ. ನೀರು 20 ಡಿಗ್ರಿ ದಾಟಿದ ದಿನ ಹಿಡಿದು ಬಿಡುವ ಆಟವೇ ಬೇಡ.

ಒಯ್ಯುವ ಮೀನನ್ನು ದಾರಕ್ಕೆ ಪೋಣಿಸಿ ಬೆಚ್ಚನೆ ನೀರಲ್ಲಿ ಒದ್ದಾಡಿಸಬೇಡಿ, ಮಾಂಸ ಮೆತ್ತಗಾಗುತ್ತದೆ. ತಲೆಗೆ ಒಂದೇಟು ಕೊಟ್ಟು, ಕಿವಿರು ಕತ್ತರಿಸಿ ರಕ್ತ ಹರಿಯಲು ಬಿಡಿ. ಆದಷ್ಟು ಬೇಗ ಹೊಟ್ಟೆ ಸೀಳಿ, ಬೆನ್ನೆಲುಬಿಗೆ ಅಂಟಿದ ಕಪ್ಪುಗೆಂಪು ಪಟ್ಟಿಯನ್ನು ಹೆಬ್ಬೆರಳ ಉಗುರಲ್ಲಿ ಕೆರೆದು ತೊಳೆದು ಐಸಿಗೆ ಹಾಕಿ. ಆ ಪಟ್ಟಿ ಉಳಿದರೆ ಸಾರಿಗೆ ಕಹಿ ಬರುತ್ತದೆ. ಕತ್ತರಿಸಿ ಬಿಸಾಕುವ ದಾರದ ತುಂಡುಗಳನ್ನೆಲ್ಲ ಜೇಬಿಗೆ ಹಾಕಿಕೊಂಡೇ ದಂಡೆ ಬಿಡಿ. ನೀರುಕೋಳಿಗಳ ಕಾಲಿಗೆ ಸುತ್ತಿಕೊಳ್ಳುವುದು ಅವೇ.